ಹಾರಿಕಾಳನ್ನು ವಿಚಾರಿಸಿಕೊಂಡು ಬಂದವನು

ಮಗಳ ಫೋನು ಬಂದಾಗ ಗಿರಣಿಯಲ್ಲಿ ಮೆಣಸಿನಕಾಯಿ ಪುಡಿಯಾಗುತ್ತಿತ್ತು. ಮೆಣಸಿನಕಾಯಿ ಹಾಕಿದಾಗ ನಾನು ಮೂಗು ಬಾಯಿಗೆ ಸೆರಗು ಬಿಗಿದುಕೊಂಡಿರುತ್ತೇನೆ, ಫೋನಿಗೆ ಕೈ ಹಚ್ಚುವುದಿಲ್ಲ. ಹಾರಿಕಾ ಬಿಟ್ಟೂ ಬಿಡದೆ ಮಾಡುತ್ತಿದ್ದಳು. ಹೊರಗೆ ಬೇವಿನ ಗಿಡದ ನೆರಳಿಗೆ ಬಂದು ಎತ್ತಿದೆ.

"ಅಮ್ಮಾ, ನಮ್ಮ ಮನಿ ಹತ್ರ ಯಾರರ ಬಂದಿದ್ರೇನು, ನನ್ನ ಬಗ್ಗೆ ಕೇಳ್ಕೋತ?"

"ಯಾರೂ ಬಂದಿಲ್ಲವ್ವ. ಯಾಕ?"

"ಬಂದಿದ್ರಂತ. ಕೇಳ್ಕೊಂಡು ಹೋಗ್ಯಾರ. ಈಗ ನನ್ನ ನೌಕರಿ ನಿಂತೈತಿ."

ಆಂಧ್ರದ ಗಡಿಯಲ್ಲಿರುವ, ಕನ್ನಡ ಮಾತಾಡುವ ಹೊಳಗುಂದದಲ್ಲಿ ನಮ್ಮದು ಸಣ್ಣ ಹಿಟ್ಟಿನ ಗಿರಣಿ. ಹಿಂದೆ ಎರಡು ಕೋಣೆಯ ಮನೆ. ನನ್ನ ಗಂಡ ಆಂಜಿ ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೋದರೆ ಮಳೆಗಾಲಕ್ಕೇ ಊರಿಗೆ ಬರುವುದು. ಗಿರಣಿ, ಮನೆ, ಮಗಳ ಓದು ಎಲ್ಲ ನನ್ನ ಪಾಲಿಗೆ. ಹಾರಿಕಾ ಕರ್ನೂಲಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಕಂಪ್ಯೂಟರ್ಸ್ ಓದುತ್ತಿದ್ದಳು, ಕೊನೆಯ ವರ್ಷ ಮುಗಿಯುತ್ತ ಬಂದಿತ್ತು. ಹೈದರಾಬಾದಿನ ಒಂದು ಕಂಪನಿ ಅವಳನ್ನು ಆರಿಸಿಕೊಂಡಿತ್ತು. ಮೊದಲು ಕೆಲವು ತಿಂಗಳು ಕಲಿಕೆ, ಆಮೇಲೆ ಅಲ್ಲೇ ನೌಕರಿ. ಬ್ಯಾಂಕು, ಆಸ್ಪತ್ರೆಗಳ ಕಂಪ್ಯೂಟರುಗಳ ಮೇಲೆ ಕಣ್ಣಿಟ್ಟು, ಗುರುತಿಲ್ಲದವರು ಎಲ್ಲಿಂದ ಒಳಗೆ ಕೈ ಹಾಕುತ್ತಿದ್ದಾರೆ ಎಂದು ನೋಡಿ ಕೂಗು ಹಾಕುವ ಕೆಲಸ. ಸೈಬರ್ ಸೆಕ್ಯೂರಿಟಿ ಅನ್ನುತ್ತಾರೆ.

ಮೊದಲ ಸಲ ಆ ಹೆಸರು ಕೇಳಿದಾಗ ನಾನು ಹೆದರಿದ್ದೆ. ಹಬ್ಬ ಮುಗಿಸಿ ಅವಳನ್ನು ಹಾಸ್ಟೆಲಿಗೆ ಬಿಡಲು ಹೋದವಳು ನೇರವಾಗಿ ಅವಳ ಲೆಕ್ಚರರ್ ತ್ರಿವೇಣಿ ಮೇಡಂ ಹತ್ತಿರ ಹೋಗಿ ಕೇಳಿಬಿಟ್ಟಿದ್ದೆ: "ಮೇಡಂ, ಈ ಹ್ಯಾಕಿಂಗ್ ಅಂದ್ರ ಕಳವಲ್ಲೇನ್ರಿ? ನಮ್ಮ ಹುಡುಗಿ ಯಾಕ ಕಲೀಬೇಕು?"

ಮೇಡಂ ಆದೋನಿಯವರು, ನಮ್ಮ ಮಾತೇ. "ಕಳ್ಳನ ದಾರಿ ಗೊತ್ತಿಲ್ಲದೋರು ಕಳ್ಳನ್ನ ಹೆಂಗ ಹಿಡೀತಾರಮ್ಮಾ?" ಎಂದು ನಕ್ಕು, ಕೂರಿಸಿ ಚಹಾ ತರಿಸಿ ಬಿಡಿಸಿ ಹೇಳಿದ್ದರು. ಇದರೊಳಗೆ ಹೋಗಲು ಇಂಜಿನಿಯರಿಂಗೇ ಆಗಬೇಕೆಂದಿಲ್ಲ. ಕಾವಲು ಕೂರುವವರು ಬೇರೆ. ಮಾಲೀಕರ ಒಪ್ಪಿಗೆ ಪಡೆದು ಎಲ್ಲಿ ಸಡಿಲ ಇದೆ ಎಂದು ತಟ್ಟಿ ನೋಡುವವರು ಬೇರೆ. ಕಂಪನಿಗಳು ನಿಯಮದಂತೆ ನಡೆಯುತ್ತಿವೆಯೋ ಇಲ್ಲವೋ ತಪಾಸಣೆ ಮಾಡುವವರಿದ್ದಾರೆ, ಅವರಲ್ಲಿ ಬಿ.ಕಾಂ. ಓದಿದವರೂ ಇದ್ದಾರಂತೆ. ಕಳವಾದ ಮೇಲೆ ಜಾಡು ಹಿಡಿಯುವವರು ಮತ್ತೊಂದು ಥರ. "ನಿಮ್ಮ ಹುಡುಗಿ ಕಾವಲಿನಿಂದ ಶುರು ಮಾಡ್ಲಿ. ಅಲ್ಲಿ ಒಂದೆರಡು ವರ್ಷ ಕಣ್ಣು ಪಳಗಿದ್ರ ಆಮ್ಯಾಲ ಯಾವ ಕಡೀಗೆ ಬೇಕಾದ್ರೂ ತಿರುಗಬಹುದು."

ಹಾರಿಕಾ ಅವರು ಹೇಳಿದಂತೆಯೇ ಮಾಡಿದಳು. ಯಾರೋ ಸೀನಿಯರ್ ಮಾರಿದ ಹಳೆಯ ಲ್ಯಾಪ್‌ಟಾಪು. ಕಲಿಯುವವರು ಮುರಿದು ನೋಡಲಿ ಎಂದೇ ಕಟ್ಟಿಟ್ಟ ವೆಬ್‌ಸೈಟುಗಳಿರುತ್ತವಂತೆ, ಪುಕ್ಕಟೆ. ಅವುಗಳ ಮೇಲೆ ಗುದ್ದಾಡಿದಳು. ಅನಂತಪುರದಲ್ಲಿ ಕಾಲೇಜುಗಳ ನಡುವೆ ಇದೇ ವಿದ್ಯೆಯ ಪಂದ್ಯ ನಡೆದಾಗ ಗೆದ್ದದ್ದು ಬೇರೆ ತಂಡ. ಆದರೆ ತಾವು ಎಲ್ಲಿ ದಾರಿ ತಪ್ಪಿದೆವು, ಯಾಕೆ ತಪ್ಪಿದೆವು ಎಂದು ಏನೂ ಮುಚ್ಚಿಡದೆ ಬರೆದುಕೊಟ್ಟವಳು ಇವಳೊಬ್ಬಳೇ. ನೋಡಲು ಬಂದಿದ್ದ ಕಂಪನಿಯವರು ಅದನ್ನು ಓದಿಯೇ ಇವಳನ್ನು ಇಂಟರ್‌ವ್ಯೂಗೆ ಕರೆದದ್ದು.

ಈಗ ಎಲ್ಲ ಆಗಿ, ಕೈಗೆ ಬಂದದ್ದು ನಿಂತಿತ್ತು.

"ಸರಿಯಾಗಿ ಹೇಳವ್ವ. ಏನಂತ ನಿಲ್ಸ್ಯಾರ?"

"ನೌಕರಿಗೆ ತಗೊಳ್ಳೋ ಮುಂದ ಊರಿಗೆ ಒಬ್ಬರನ್ನ ಕಳಿಸಿ ವಿಚಾರಿಸ್ತಾರಮ್ಮಾ. ಹುಡುಗಿ ಖರೇನೇ ಇಲ್ಲಿಯಾಕಿ ಹೌದಲ್ಲೋ ಅಂತ. ಅವ್ರು ಬಂದಾಗ ನಮ್ಮ ಊರೋರು ಹೇಳ್ಯಾರಂತ, ಹಾರಿಕಾಗ ಈಗ ಹದಿನೆಂಟು ತುಂಬೈತಿ, ಇಂಟರ್‌ಗೇ ಓದು ಬಿಟ್ಟಾಳ, ಮನಿ ಬಿಟ್ಟು ಎಲ್ಲೂ ಹೋದಾಕಿ ಅಲ್ಲ, ಕಂಪ್ಯೂಟರ್ ಮುಟ್ಟಿದಾಕೀನೇ ಅಲ್ಲ ಅಂತ."

ಅವಳಿಗೆ ಇಪ್ಪತ್ತೊಂದು ನಡೆಯುತ್ತಿದೆ. ಇಂಟರ್, ಅಂದರೆ ಪಿಯುಸಿ, ಮುಗಿಸಿ ಹಾಸ್ಟೆಲು ಸೇರಿಯೇ ಮೂರು ವರ್ಷ.

"ಅವರಿಗೆ ಈಗ ಏನು ಅನುಮಾನ ಗೊತ್ತೇನಮ್ಮಾ? ಹೊಳಗುಂದದ ಹಾರಿಕಾ ಬ್ಯಾರೆ ಅದಾಳ, ಆಕಿ ಹೆಸರಿನ್ಯಾಗ ನಾನು ಯಾರೋ ಒಳಗ ಬರಾಕ ನಿಂತೀನಿ ಅಂತ. ಹಂಗ ಹೆಸರು ಕದ್ದು ಬರೋರು ಇರ್ತಾರ. ಬ್ಯಾರೆ ನೌಕರಿ ಆಗಿದ್ರ ನೋಡೋಣ ಅಂತಿದ್ರೋ ಏನೋ. ಬ್ಯಾಂಕಿನ ಬಾಗಿಲು ಕಾಯೋ ಕೆಲಸ. ಇದೊಂದ್ರಾಗ ಕೆಟ್ಟ ಹೆಸರು ಬಂದ್ರ ಇನ್ಯಾವ ಕಂಪನೀನೂ ಒಳಗ ಬಿಡಂಗಿಲ್ಲ."

ಕಾಲೇಜಿನ ಕಾಗದಗಳನ್ನೆಲ್ಲ ಕಳಿಸಿದ್ದಾಳಂತೆ. ತ್ರಿವೇಣಿ ಮೇಡಮ್ಮೂ ಬರೆದಿದ್ದಾರಂತೆ. ಇನ್ನೊಂದು ಸಲ ಊರಿಗೆ ಬಂದು ಕೇಳುತ್ತಾರೆ, ಅದೇ ಕೊನೆ, ಎಂದು ಉತ್ತರ ಬಂದಿದೆಯಂತೆ.

ನಾನು ಒಳಗೆ ಬಂದು ಗಿರಣಿ ಆರಿಸಿದೆ. ಈಚೆಗೆ ನಾನು ಊರಲ್ಲಿ ಇಲ್ಲದ್ದು ಒಂದೇ ದಿನ. ನಮ್ಮ ಪಕ್ಕದ ಮನೆಯ ಪಕೀರಮ್ಮ ತನ್ನ ಮೆಣಸಿನಪುಡಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತಿದ್ದಳು. ವಯಸ್ಸಿನಲ್ಲಿ ನನಗೆ ಅತ್ತೆಯಾಗಬೇಕು. ಹಾರಿಕಾ ಎರಡನೇ ಕ್ಲಾಸಿನಲ್ಲಿದ್ದಾಗ ನಾವು ಪೆದ್ದಕಡುಬೂರು ಬಿಟ್ಟು ಈ ಊರಿಗೆ ಬಂದವರು. ಬಂದ ದಿನ ಒಲೆ ಹಚ್ಚಲು ಕೊಳ್ಳಿ ಕೊಟ್ಟವಳು ಇವಳೇ.

"ಪಕೀರತ್ತಿ, ನಾ ಮೋಟರ್ ವೈಂಡಿಂಗ್‌ಗೆ ಅಂತ ಆದೋನಿಗೆ ಹೋಗಿದ್ನಲ್ಲ, ಅವತ್ತು ಯಾರರ ಬಂದಿದ್ರೇನು?"

ಪಕೀರಮ್ಮನ ಮುಖದಲ್ಲಿ ನಗು ಒಡೆಯಿತು. ಸುತ್ತ ಯಾರೂ ಇಲ್ಲವೆಂದು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹತ್ತಿರ ಸರಿದಳು. "ಅವರಾಗೇ ತಿರುಗಿ ಬರೋ ತನಕ ಹೇಳಬಾರದಂತ ಸುಮ್ನಿದ್ದೆ, ದೃಷ್ಟಿ ಆಗ್ತೈತಿ. ನಿನ್ನ ಮಗಳಿಗೆ ಸಂಬಂಧ ಬಂದೈತೇ ಜ್ಯೋತೀ!"

"ಸಂಬಂಧ?"

"ಹ್ಞೂಂ ಮತ್ತ! ಮೋಟರ್ ಸೈಕಲ್ ಮ್ಯಾಲ ಒಬ್ಬ ಹುಡುಗ ಬಂದಿದ್ದ. ಈ ಮನಿ ಯಾರದು, ಹುಡುಗಿ ಹೆಸರೇನು, ಎಷ್ಟು ವಯಸ್ಸು, ಏನು ಓದ್ಯಾಳ, ಎಷ್ಟು ವರ್ಷದಿಂದ ಇಲ್ಲಿ ಅದಾರ, ನಡತಿ ಹೆಂಗ. ಯಾಕಪ್ಪಾ ಅಂದ್ರ 'ಸುಮ್ನ, ಆಫೀಸ್ ಕೆಲಸ' ಅಂತಾನ. ನಾ ಏನು ಸಣ್ಣ ಹುಡುಗೇನು? ಗಂಡಿನ ಕಡೆಯೋರು ಎಂದಾದ್ರೂ ಗಂಡಿನ ಕಡೆಯೋರು ಅಂತ ಹೇಳ್ಕೊಂಡು ಬರ್ತಾರೇನು?"

ಅವಳು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ಹೆಣ್ಣು ನೋಡಲು ಬರುವ ಮುಂಚೆ ಗುರುತಿಲ್ಲದ ಒಬ್ಬನನ್ನು ಕಳಿಸುತ್ತಾರೆ. ಅವನು ಬೀಜ ಮಾರುವವನಂತೆ, ಕುರಿ ಕೊಳ್ಳುವವನಂತೆ, ದಾರಿ ತಪ್ಪಿದವನಂತೆ ಬರುತ್ತಾನೆ. ಹೆಣ್ಣಿನ ಮನೆಯವರನ್ನು ಬಿಟ್ಟು ಪಕ್ಕದ ಮನೆಯಲ್ಲಿ ನೀರು ಕೇಳಿ, ನೀರಿನ ಜೊತೆ ಎಲ್ಲ ಕೇಳಿಕೊಂಡು ಹೋಗುತ್ತಾನೆ. ಅವನು ಯಾರೆಂದು ಪಕ್ಕದ ಮನೆಯವರಿಗೂ ಗೊತ್ತು. ಗೊತ್ತಿಲ್ಲದಂತೆ ಇದ್ದು ನಾಲ್ಕು ಒಳ್ಳೆಯ ಮಾತು ಕೂಡಿಸಿ ಹೇಳುವುದು ನೆರೆಯವರ ಧರ್ಮ. ನಾನೂ ಎಷ್ಟೋ ಹುಡುಗಿಯರಿಗೆ ಹೇಳಿದ್ದೇನೆ.

"ಅವನಿಗೆ ಏನು ಹೇಳಿದಿ ಅತ್ತೀ?"

"ಏನೂ ಕಡಿಮಿ ಮಾಡಿಲ್ಲ! ಹೋದ ಯುಗಾದಿಗೆ ಆಲೂರು ಕಡೆ ಲೈನ್‌ಮನ್ ಹುಡುಗಂದು ಬಂದಿದ್ದು ಯಾಕ ತಪ್ಪಿತು? ಹುಡುಗಿ ಹಾಸ್ಟೆಲ್‌ನಾಗ ಅದಾಳ, ಕಂಪ್ಯೂಟರ್ ಓದ್ಯಾಳ ಅಂತ ಖರೆ ಹೇಳಿದ್ದಕ್ಕ. ಅದಕ್ಕ ಈ ಸಲ ಹುಷಾರಾದೆ. ಹದಿನೆಂಟು ಅಂದೆ. ಇಂಟರ್‌ಗೇ ಓದು ಬಿಟ್ಟಾಳ, ಕಂಪ್ಯೂಟರ್ ಮುಟ್ಟಿದಾಕಿ ಅಲ್ಲ ಅಂದೆ. ಹೊಸ್ತಿಲು ದಾಟಿದಾಕಿ ಅಲ್ಲ ಅಂದೆ. ಏಳು ತಲೆಮಾರಿನಿಂದ ಇದೇ ಮನಿ ಅಂದೆ. ರೊಟ್ಟಿ ಬಡಿದ್ರ ಕಾಗದದಂಗ ಬಡೀತಾಳ ಅಂದೆ. ಚಹಾ ಅಂಗಡಿ ಸಿದ್ದಬಸಪ್ಪನೂ ನಿಂತಿದ್ದ, 'ಹೌದೌದು, ಬಂಗಾರದಂಥ ಹುಡುಗಿ, ಮುಖ ಎತ್ತಿ ನೋಡಿದಾಕಿ ಅಲ್ಲ' ಅಂದ. ಹುಡುಗ ಎಲ್ಲಾ ಫೋನಿನ್ಯಾಗ ಬರ್ಕೊಂಡ."

ನಾನು ಹಿಟ್ಟಿನ ಚೀಲದ ಮೇಲೆ ಕೂತೆ. ಅವನು ಯಾರು, ಯಾಕೆ ಬಂದಿದ್ದ, ಈಗ ಏನಾಗಿದೆ ಎಂದು ಬಿಡಿಸಿ ಹೇಳಿದೆ. ಪಕೀರಮ್ಮ ಮೊದಲು ನಂಬಲಿಲ್ಲ. "ನೌಕರಿ ಕೊಡೋರು ಹುಡುಗಿ ನಡತಿ ಯಾಕ ಕೇಳ್ತಾರ? ಅವರೇನು ಸೊಸಿ ಮಾಡ್ಕೊಂತಾರೇನು?" ಎಂದು ಸಿಟ್ಟಾದಳು. ಆಮೇಲೆ ಸಿಟ್ಟು ಇಳಿಯಿತು. "ನಾ ಒಳ್ಳೇದಕ್ಕ ಹೇಳಿದ್ನಲ್ಲೇ ಯವ್ವಾ" ಎಂದವಳು ಪುಡಿಯ ಡಬ್ಬಿಯನ್ನೂ ಅಲ್ಲೇ ಬಿಟ್ಟು ಎದ್ದು ಹೋದಳು.

ಬೆಳಿಗ್ಗೆ ನೋಡಿದರೆ ಚೀಲ ಹಿಡಿದು ಬಸ್ಸಿಗೆ ಹೊರಟಿದ್ದಾಳೆ.

"ಎಲ್ಲಿಗೆ ಅತ್ತೀ?"

"ಮಂತ್ರಾಲಯಕ್ಕ, ನಮ್ಮ ತಂಗಿ ಮನಿಗೆ. ಅವರು ಬಂದು ಹೋಗೋ ತನಕ ಅಲ್ಲೇ ಇರ್ತೀನಿ. ನಾನೇ ಇಲ್ಲದಿದ್ರ ಸುಳ್ಳು ಎಲ್ಲಿಂದ ಬರ್ತೈತಿ?"

"ಬ್ಯಾಡ ಅತ್ತೀ. ಹೋದ ಸಲ ಹೇಳಿದೋರೇ ಇಲ್ಲ ಅಂದ್ರ ಇನ್ನೂ ಅನುಮಾನ ಬರ್ತೈತಿ. ನೀನೇ ಬೇಕು."

"ಹಂಗಾದ್ರ ಏನು ಹೇಳಬೇಕು ಅಂತ ಹೇಳಿಕೊಡು. ಬಾಯಿಪಾಠ ಮಾಡ್ತೀನಿ."

ಅದು ನನಗೂ ಸರಿ ಅನ್ನಿಸಿತ್ತು. ಹಾರಿಕಾಳಿಗೆ ಫೋನು ಮಾಡಿ, ಏನೇನು ಹೇಳಿಸಬೇಕು ಎಂದು ಕೇಳಿದೆ. ಅವಳು ಕೂಗಿಬಿಟ್ಟಳು. "ಅಮ್ಮಾ, ಯಾರಿಗೂ ಏನೂ ಹೇಳಿಕೊಡಬ್ಯಾಡ! ಹೇಳಿಕೊಟ್ಟಿದ್ದು ಖರೆ ಇದ್ರೂ ಸುಳ್ಳಿನಂಗ ಕೇಳಿಸ್ತೈತಿ. ಅತ್ತಿ ಏನು ಹೇಳ್ತಾಳೋ ಹೇಳ್ಲಿ. ಹೋದ್ರ ಹೋಗ್ಲಿ."

ಹೋದರೆ ಹೋಗಲಿ ಎನ್ನುವುದು ಬಾಯಿಗೆ ಸುಲಭ. ಮೂರು ವರ್ಷ ಅವಳು ಹಾಸ್ಟೆಲಿನ ಸಾರು ತಿಂದು, ನಾನು ಇಲ್ಲಿ ಧೂಳು ತಿಂದು ಕಟ್ಟಿದ್ದು ಪಕೀರಮ್ಮನ ನಾಲಿಗೆಯ ಮೇಲೆ ನಿಂತಿತ್ತು. ಆ ನಾಲಿಗೆಯನ್ನು ಊರೇ ಬಲ್ಲದು. ಮೋಟರ್ ಸೈಕಲ್ ಸದ್ದಾದಾಗಲೆಲ್ಲ ನಾನು ಗಿರಣಿ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ. ಹಾಲಿನವನು, ಗೊಬ್ಬರದವನು, ಯಾರದೋ ಅಳಿಯ. ಒಂದು ಸಲ ಜೋಳದ ಮೇಲೆ ಜೋಳ ಸುರಿದು ಇಬ್ಬರ ಹಿಟ್ಟು ಕಲೆಸಿ ಬೈಸಿಕೊಂಡೆ. ಪಕೀರಮ್ಮ ನನ್ನ ಕಡೆ ನೋಡುವುದನ್ನೇ ಬಿಟ್ಟಿದ್ದಳು. ಕಟ್ಟೆಯ ಮೇಲೆ ಕೂತಿರುತ್ತಿದ್ದಳು, ಯಾರು ಏನು ಕೇಳಿದರೂ "ನನಗ ಗೊತ್ತಿಲ್ಲ" ಅನ್ನುತ್ತಿದ್ದಳು. ಸಿದ್ದಬಸಪ್ಪ ಬಂದು ಟೈಮೆಷ್ಟು ಎಂದು ಕೇಳಿದರೂ ಅದೇ ಮಾತು.

ಕೊನೆಗೆ ವಿಚಾರಿಸಲು ಹೋದ ಸಲದ ಹುಡುಗನೇ ಬಂದ. ವೆಂಕಟೇಶ ಎಂದು ಹೆಸರು, ಆದೋನಿಯ ಹುಡುಗ. ಬಿಸಿಲಿಗೆ ಕಪ್ಪಾಗಿದ್ದ, ಸೋತಿದ್ದ. "ಅಕ್ಕಾ, ನಿಮ್ಮ ಊರೋರ ಮಾತು ನಂಬಿ ನನಗೂ ಬೈಗುಳ ಬಿದ್ದಾವ" ಎಂದ. "ಈ ಸಲ ನಮ್ಮ ಮೇಡಂ ವಿಡಿಯೋದಾಗ ತಾವೇ ಕೇಳ್ತಾರಂತ. ನೀವು ಒಳಗ ಹೋಗಬೇಕು. ಏನೂ ಅನ್ಕೋಬ್ಯಾಡ್ರಿ."

ಪಕೀರಮ್ಮನ ಎದುರಿಗೆ ಫೋನು ಹಿಡಿದು ನಿಂತ. ನಾನು ಗಿರಣಿಯ ಒಳಗೆ ಹೋಗಿ ತಗಡಿನ ಬಾಗಿಲು ಎಳೆದುಕೊಂಡೆ. ತಗಡಿಗೆ ಮಾತು ನಿಲ್ಲುವುದಿಲ್ಲ, ಎಲ್ಲ ಕೇಳಿಸುತ್ತಿತ್ತು. ಹೈದರಾಬಾದಿನ ಆ ಮೇಡಂ ಅವರದು ತೆಲುಗು. ಪಕೀರಮ್ಮ ತೆಲುಗಿನಲ್ಲಿ ಹೊರಟರೂ ಎರಡು ಮಾತಿಗೆ ಕನ್ನಡಕ್ಕೆ ಇಳಿಯುವವಳು. ನಡುವೆ ವೆಂಕಟೇಶ ಈ ಕಡೆಯದನ್ನು ಆ ಕಡೆಗೆ ದಾಟಿಸುತ್ತಿದ್ದ.

"ಹುಡುಗಿಗೆ ಹದಿನೆಂಟು ಅಂದಿದ್ರಂತ, ನಿಜಮೇನಾ ಅಂತ ಕೇಳ್ತಾರ."

"ಸುಳ್ಳು."

"ಏಳು ತಲೆಮಾರಿನಿಂದ ಇಲ್ಲೇ ಅದಾರ ಅಂದದ್ದು?"

"ಅದೂ ಸುಳ್ಳು. ಪೆದ್ದಕಡುಬೂರಿನಿಂದ ಬಂದೋರು. ಬಂದಾಗ ಈ ಹುಡುಗಿಗೆ ಮುಂದಿನ ಹಲ್ಲಿರಲಿಲ್ಲ."

"ಹೊಸ್ತಿಲು ದಾಟಿಲ್ಲ ಅಂದಿದ್ರಿ."

"ದಾಟಿ ಕರ್ನೂಲಿನ್ಯಾಗ ಕುಂತಾಳ. ಹಬ್ಬಕ್ಕ ಬರ್ತಾಳ. ಬಂದ್ರೂ ಏನು ಸುಖ? ಆ ಕಂಪ್ಯೂಟರ್ ಮುಂದ ಕುಂತ್ರ ಊಟಕ್ಕ ಕರೆದ್ರೂ ಏಳಂಗಿಲ್ಲ. ಇನ್ನ ರೊಟ್ಟಿ ಕಾಗದದಂಗ ಬಡೀತಾಳ ಅಂದಿದ್ನಲ್ಲ, ಅದಕ್ಕಿಂತ ದೊಡ್ಡ ಸುಳ್ಳು ನಾ ಹುಟ್ಟಿದಾಗಿನಿಂದ ಹೇಳಿಲ್ಲ. ಆಕಿ ಬಡಿದ ರೊಟ್ಟಿ ಎಮ್ಮಿಗೆ ಹಾಕಿದ್ರ ಎಮ್ಮಿ ನನ್ನ ಮುಖ ನೋಡ್ತು."

ಫೋನಿನಲ್ಲಿ ನಗುವ ಸದ್ದು ಬಂತು. ನನಗೆ ನಗು ಬರಲಿಲ್ಲ. ಅವಳು ಯಾವುದನ್ನೂ ಉಳಿಸುವುದಿಲ್ಲ ಅನ್ನಿಸಿತು.

"ನಡತೆ ಬಗ್ಗೆ ಕೇಳ್ತಾರ. ನಂಬಬಹುದಾ ಅಂತ."

"ನಡತಿ?" ಪಕೀರಮ್ಮನ ದನಿ ಏರಿತು. ಎಷ್ಟೋ ದಿನದಿಂದ ಹೊಟ್ಟೆಯಲ್ಲಿದ್ದದ್ದು ಹೊರಗೆ ಬಂತು. "ಕೇಳಿದ್ರಲ್ಲ, ಹೇಳ್ತೀನಿ. ಕೊಬ್ಬು ಭಾಳ! ದೊಡ್ಡೋರ ಮಾತಿಗೆ ಬೆಲಿ ಇಲ್ಲ. ಹೋದ ದಸರಕ್ಕ ಬಂದಾಗ ನನ್ನ ಸೊಸಿ ಫೋನು ತಂದು ಆಕಿ ಕೈಯಾಗ ಕೊಟ್ಟೆ. ಇದನ್ನ ತೆಗೆದು ತೋರಸವ್ವ, ನಿನಗ ಬರ್ತೈತಲ್ಲ, ಸೊಸಿ ದಿನಾ ಯಾರ ಜೋಡಿ ಅಷ್ಟು ಮಾತಾಡ್ತಾಳ ನೋಡ್ತೀನಿ ಅಂದೆ. ಏನಂದ್ಲು ಗೊತ್ತೇನು? 'ಅಕ್ಕನ್ನ ಕೇಳಿ ತಗೊಂಬಾ ಅತ್ತೀ, ಆಕಿ ಹ್ಞೂಂ ಅಂದ್ರ ತೆಗೀತೀನಿ' ಅಂದ್ಲು! ಕೇಳಿದ್ರ ಸೊಸಿ ಹ್ಞೂಂ ಅಂತಾಳೇನು? ಅಂದಿದ್ರ ನಾ ಯಾಕ ಈಕಿ ಹತ್ರ ಬರ್ತಿದ್ದೆ? ಸಣ್ಣಾಕಿದ್ದಾಗಿಂದ ನಿನಗ ಉಣಿಸೀನಿ ಅಂದೆ, ಬೈದೆ, ಕಣ್ಣೀರೂ ಹಾಕಿದೆ. ಫೋನು ತಿರುಗಿ ನನ್ನ ಕೈಯಾಗ ಇಟ್ಟು ಒಳಗ ಹೋದ್ಲು. ದೀಪಾವಳಿ ತನಕ ನಾ ಮಾತು ಬಿಟ್ಟಿದ್ದೆ."

ಇದು ನನಗೆ ಗೊತ್ತೇ ಇರಲಿಲ್ಲ. ಪಕೀರಮ್ಮ ದಸರಾದಿಂದ ಮುಖ ತಿರುಗಿಸಿಕೊಂಡು ಓಡಾಡಿದ್ದು ನೆನಪಿತ್ತು, ಕಾರಣ ಕೇಳಿದರೆ ಹಾರಿಕಾ "ಏನಿಲ್ಲ ಬಿಡಮ್ಮಾ" ಎಂದಿದ್ದಳು.

ವೆಂಕಟೇಶ ಅದನ್ನು ತೆಲುಗಿನಲ್ಲಿ ಹೇಳಿ ಮುಗಿಸಿದ. ಆಮೇಲೆ ಮೇಡಂ ನಿಧಾನವಾಗಿ ಏನೋ ಕೇಳಿದರು.

"ಕೊನೀಗೂ ತೆಗೀಲಿಲ್ಲೇನು ಅಂತ ಕೇಳ್ತಾರ."

"ಇಲ್ಲ ಅಂದ್ನಲ್ಲಪ್ಪಾ! ಎಷ್ಟು ಬೈದ್ರೂ ಇಲ್ಲ. ಬೇಕಾದ್ರ ನನ್ನ ಸೊಸೀನ ಕೇಳ್ರಿ. ಬ್ಯಾಡ ಬ್ಯಾಡ, ಆಕೀನ ಕೇಳಬ್ಯಾಡ್ರಿ, ಆಕಿಗೆ ಇದು ಗೊತ್ತಿಲ್ಲ."

ವೆಂಕಟೇಶ ನಕ್ಕಿದ್ದು ತಗಡಿನಾಚೆಯಿಂದ ಕೇಳಿಸಿತು. ಮೇಡಂ ಇನ್ನೊಂದು ಪ್ರಶ್ನೆ ಹಾಕಿದರು. ಅದು ನನಗೂ ತಿಳಿಯಿತು: ಅಷ್ಟು ಸುಳ್ಳು ಹೇಳಿದವರು ಈಗ ಹೇಳುತ್ತಿರುವುದನ್ನು ಯಾಕೆ ನಂಬಬೇಕು?

ಪಕೀರಮ್ಮ ತಡಮಾಡಲಿಲ್ಲ. "ಅವ್ವಾ, ಅವತ್ತು ಗಂಡಿನ ಕಡೆಯೋರು ಅನ್ಕೊಂಡೆ. ಮದಿವಿ ಆದ್ರ ಹುಡುಗಿ ತಿರುಗಿ ಬರಂಗಿಲ್ಲ, ಅತ್ತೆ ಮನ್ಯಾಗ ಮೊದಲ ದಿನಾನೇ ಕೆಟ್ಟಾಕಿ ಅನ್ನಿಸಬಾರದಂತ ಒಳ್ಳೇದೇ ಹೇಳಬೇಕು, ಸುಳ್ಳರ ಸುಳ್ಳು. ನೌಕರಿ ಹಂಗೇನು? ಸರಿ ಬರಲಿಲ್ಲಂದ್ರ ಬ್ಯಾಗ್ ಹಿಡ್ಕೊಂಡು ತಾಯಿ ಮನಿಗೆ ಬರ್ತಾಳ. ಮುಂದ ಇನ್ನೊಂದು ನೋಡ್ತಾಳ. ಅದಕ್ಕ ಯಾಕ ಸುಳ್ಳು ಹೇಳ್ಲಿ? ಮೊದಲೇ ಹೇಳಿದ್ರ ಹುಡುಗಿ ತಪ್ಪೆಲ್ಲಾ ಅವತ್ತೇ ಹೇಳ್ತಿದ್ದೆ, ನಿಮ್ಮ ಹುಡುಗನೂ ಎರಡು ಸಲ ಬಿಸಿಲಿನ್ಯಾಗ ಬರ್ತಿರಲಿಲ್ಲ."

ಸಿದ್ದಬಸಪ್ಪನನ್ನೂ ಕೇಳಿದರು. ಅವನು ಚಹಾ ಸೋಸುವ ಅರಿವೆ ಹಿಡಿದುಕೊಂಡೇ ಬಂದು, "ಹುಡುಗಿ ಮುಖ ಎತ್ತಿ ನೋಡ್ತಾಳ್ರಿ, ಚಿಲ್ಲರೆ ಕಡಿಮಿ ಕೊಟ್ರ ಅಲ್ಲೇ ನಿಂತು ಕೇಳ್ತಾಳ" ಎಂದು ಹೇಳಿ ಹೋದ. ವೆಂಕಟೇಶ ಮನೆಯ ಬಾಗಿಲಿನ ಫೋಟೋ ತೆಗೆದುಕೊಂಡ. ಏನಾಯಿತು ಎಂದು ಕೇಳಿದರೆ, "ನಾನು ಹೇಳಂಗಿಲ್ಲಕ್ಕಾ. ಮೇಲಿನೋರು ಹೇಳ್ತಾರ" ಎಂದು ಗಾಡಿ ಹತ್ತಿದ. ಪಕೀರಮ್ಮ ನನ್ನ ಕಡೆ ತಿರುಗಿ, "ಕೆಡಿಸಿದ್ನೇನೇ?" ಎಂದಳು. ಮೆಣಸಿನಪುಡಿಯ ಡಬ್ಬಿ ಅವಳ ಕೈಗೆ ಕೊಟ್ಟೆ.

ಎರಡು ದಿನ ಕಳೆದ ಮೇಲೆ ಹಿಂದಿನ ಓಣಿಯ ಗಾದಿಲಿಂಗಮ್ಮನ ಜೋಳ ಬೀಸುತ್ತಿದ್ದಾಗ ಹಾರಿಕಾಳ ಫೋನು ಬಂತು. ಗಿರಣಿಯ ಗದ್ದಲದಲ್ಲಿ "ಅಮ್ಮಾ, ಅಮ್ಮಾ" ಎನ್ನುವುದೊಂದೇ ಕೇಳಿಸಿತು. ಕೈ ಹಾಕಿ ಸ್ವಿಚ್ಚು ಆರಿಸಿಬಿಟ್ಟೆ. ಜೋಳ ಅರ್ಧಕ್ಕೆ ನಿಂತಿತು.

"ಆತಮ್ಮಾ! ಕ್ಲಿಯರ್ ಆತು! ಹುಣ್ಣಿಮಿ ಆದ್ಮ್ಯಾಲ ಬಂದು ಸೇರ್ಕೋ ಅಂತ ಮೇಲ್ ಬಂದೈತಿ. ಆ ಮೇಡಂ ತಾವೇ ಫೋನ್ ಮಾಡಿದ್ರು. ಅತ್ತಿ ಏನು ಹೇಳ್ಯಾಳಮ್ಮಾ? 'ನಿಮ್ಮ ಪಕ್ಕದ ಮನಿ ಅಮ್ಮನಿಗೆ ನಮಸ್ಕಾರ ಹೇಳು, ಅಂಥ ಸರ್ಟಿಫಿಕೇಟ್ ನಾವು ಎಲ್ಲೂ ನೋಡಿಲ್ಲ' ಅಂದ್ರು."

ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಎದೆಯ ಮೇಲೆ ಯಾರೋ ಇಟ್ಟಿದ್ದ ಬೀಸುಕಲ್ಲು ತೆಗೆದಂತಾಗಿ ಉಸಿರು ಕೆಳಗಿನವರೆಗೆ ಹೋಯಿತು.

"ಯಾಕವ್ವ ನಿಲ್ಸಿದಿ? ಕರೆಂಟ್ ಐತಲ್ಲ" ಎಂದು ಗಾದಿಲಿಂಗಮ್ಮ ರೇಗಿದಳು. ಕಲ್ಲು ನಡುವೆ ನಿಂತರೆ ಹಿಟ್ಟು ತರಿಯಾಗುತ್ತದೆ, ಅವಳ ಸಿಟ್ಟು ನ್ಯಾಯವೇ. ನಾನು ವಿಷಯ ಹೇಳಿದೆ. ಅವಳ ಮುಖ ಬೇರೆಯಾಯಿತು. ಹಿಟ್ಟು ಮರೆತು ಹತ್ತಿರ ಬಂದಳು.

"ನನ್ನ ಮಗಳು ಇಂಟರ್ ಓದಾಕತ್ಯಾಳ. ಇಂಜಿನಿಯರಿಂಗ್ ಸೀಟ್ ಸಿಗಂಗಿಲ್ಲ ಅಂತ ಈಗಲೇ ಅಳ್ತಾಳ. ಆಕಿಗೆ ಇದು ಆಗ್ತೈತೇನು?"

"ಡಿಗ್ರಿ ಓದಿಯೂ ಹೋಗಬಹುದಂತ. ದಾರಿ ಒಂದೇ ಇಲ್ಲಂತ. ನನಗ ಪೂರಾ ಗೊತ್ತಿಲ್ಲ ಗಾದಿಲಿಂಗಿ, ಹಾರಿಕಾ ಬರ್ತಾಳ, ಕುಂತು ಮಾತಾಡ್ಲಿ" ಎಂದೆ.

ಪಕೀರಮ್ಮ ಕಟ್ಟೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಎದ್ದು ಒಳಗೆ ಬಂದು ನನ್ನ ತಲೆಯ ಹಿಟ್ಟು ಕೊಡವಿದಳು, ತನ್ನ ಮನೆಗೆ ಹೋದಳು. ಬಂದಾಗ ಅವಳ ಕೈಯಲ್ಲಿ ರೊಟ್ಟಿ, ಮೇಲೆ ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. "ತಿನ್ನು. ವಾರದಿಂದ ಸರಿ ಉಂಡಿಲ್ಲ ನೀನು, ನಾ ನೋಡೀನಿ" ಎಂದಳು.

ಗಿರಣಿ ಮತ್ತೆ ಹಚ್ಚಿ, ಒಂದು ಕೈಯಲ್ಲಿ ಜೋಳ ತಳ್ಳುತ್ತ ಇನ್ನೊಂದು ಕೈಯಲ್ಲಿ ನಿಂತೇ ತಿಂದೆ. ಹಸಿವು ಅಷ್ಟಿತ್ತೆಂದು ತಿನ್ನಲು ಹತ್ತಿದ ಮೇಲೆಯೇ ತಿಳಿದದ್ದು. ಇನ್ನೊಂದು ರೊಟ್ಟಿ ಕೇಳಿದೆ.